ಯಂತ್ರದ ಅಧ್ಯಾಯದ ಮೂವತ್ತು ಹಾಳೆಗಳು

ಅತ್ತಿಗೆಯಿಂದ, ೪ ಜನವರಿ

ಚಿಮಟಾ,

ಈ ಪತ್ರವನ್ನು ನಿನ್ನ ಅತ್ತಿಗೆಯಾಗಿ ಬರೆಯುತ್ತಿಲ್ಲ. ನಾನು ಈ ಮನೆಯ ಹಿರಿಯ ಸೊಸೆ, ಇಪ್ಪತ್ತಾರು ವರ್ಷದಿಂದ ನಿಯಮದ ಮೇಜಿನ ಮೊದಲ ಕುರ್ಚಿಯಲ್ಲಿ ಕೂತವಳು. ಒಬ್ಬರು ಕಥೆ ನಡೆಸಿ ಉಳಿದವರು ಪಾತ್ರಗಳಾಗಿ ದಾಳ ಹಾಕುವ ಈ ‘ಒಂಬತ್ತು ಕೋಟೆ’ ಆಟವನ್ನು ನಿನ್ನ ದೊಡ್ಡಣ್ಣ ಕಟ್ಟಿದರು, ಒಂದು ಆವೃತ್ತಿ ತಂದರು, ಹೋದರು. ಉಳಿದ ನಾಲ್ಕನ್ನು ಅಚ್ಚಿಗೆ ಕಳಿಸಿದ್ದು ನಾನು. ನನ್ನ ಓದು ಹೈಸ್ಕೂಲಿಗೆ ನಿಂತಿತು. ಆದರೂ ನಾನು ಸಹಿ ಹಾಕದ ನಿಯಮ ಇವತ್ತಿನವರೆಗೆ ಒಂದು ಅಂಗಡಿಗೂ ಹೋಗಿಲ್ಲ. ಆ ಕುರ್ಚಿಯಿಂದ ಬರೆಯುತ್ತಿದ್ದೇನೆ, ಹಾಗೆಂದೇ ಓದು.

ಆರನೆಯ ಆವೃತ್ತಿಯಲ್ಲಿ ಯಂತ್ರಗಳೂ ಬರಲಿ ಎಂದು ಅಂಗಡಿಯವರು ಮೂರು ವರ್ಷದಿಂದ ನನ್ನ ತಲೆ ತಿನ್ನುತ್ತಿದ್ದಾರೆ. ಈಗ ಆಡುವವರಿಗೆ ಮಂತ್ರವೊಂದೇ ಸಾಲದಂತೆ. ಹಾರುವ ರಥ ಬೇಕು, ಮಾತಾಡುವ ಕಬ್ಬಿಣದ ಕಾವಲುಗಾರ ಬೇಕು, ಗೋಡೆಯ ಆಚೆ ನೋಡುವ ಕನ್ನಡಿ ಬೇಕು. ನನಗೆ ಬೇಡ. ಆದರೆ ಮಗ ಹೇಳಿದ: “ಅಮ್ಮ, ನಾವು ಕೊಡದಿದ್ರೆ ಅವರವರೇ ಮನೇಲಿ ಸೇರಿಸ್ಕೊಂಡು ಆಡ್ತಾರೆ. ಆಮೇಲೆ ಅದು ನಮ್ಮ ಆಟಾನೇ ಅಲ್ಲ.” ಅವನ ಮಾತು ನನಗೆ ಹಿಡಿಸಲಿಲ್ಲ. ತಪ್ಪೆಂದು ತೋರಿಸಲೂ ಆಗಲಿಲ್ಲ.

ಆದ್ದರಿಂದ ಯಂತ್ರದ ಅಧ್ಯಾಯವನ್ನು ನೀನು ಬರೆ. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವಳು ನೀನು. ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿದವರು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ. ನಿನಗೆ ಚಿಮಟಾ ಎಂದು ಹೆಸರಿಟ್ಟದ್ದೂ ಅದಕ್ಕೇ.

ನನ್ನ ಮಾತು ಮೊದಲೇ ಕೇಳಿಕೋ. ಮಂತ್ರದ ಅಧ್ಯಾಯದ ಒಂದಕ್ಷರವನ್ನೂ ಮುಟ್ಟಬೇಡ. ಪ್ರತಿ ಆಟಗಾರನಿಗೆ ಹತ್ತು ಉಸಿರು, ಒಂದು ಮಂತ್ರಕ್ಕೆ ಒಂದು ಉಸಿರು ಖರ್ಚು, ಹತ್ತೂ ಮುಗಿದರೆ ಆ ಪಾತ್ರ ಸತ್ತಿತು. ಇದು ಆಟದ ಬೆನ್ನುಮೂಳೆ. ನಿನ್ನ ಯಂತ್ರ ಇದರ ಪಕ್ಕದಲ್ಲಿ ಎಲ್ಲಾದರೂ ಜಾಗ ಮಾಡಿಕೊಳ್ಳಲಿ.

ಇನ್ನೊಂದು. ಈ ಮನೆಯ ಕಟ್ಟಳೆ ನಿನಗೆ ಗೊತ್ತು: ನಿಯಮ ಬರೆದವರು ಅದನ್ನು ಆಡಿಸಿ ನೋಡಬಾರದು, ಬೇರೆ ಮನೆಯ ಮೇಜಿನಲ್ಲಿ ನಾಲ್ಕು ಜನ ಮೂವತ್ತು ಆಟ ಆಡಬೇಕು, ಬಿದ್ದ ಒಂದೊಂದು ದಾಳವನ್ನೂ ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಮಾಡಬೇಕು. ಆಮೇಲಷ್ಟೇ ಪುಸ್ತಕದ ಕೊನೆಯ ಪುಟದಲ್ಲಿ ‘ಆಡಿ ನೋಡಿದ್ದು’ ಎಂಬ ಮುದ್ರೆ. ನನ್ನ ಅಧ್ಯಾಯಗಳನ್ನೆಲ್ಲ ನಿನ್ನ ಮೇಜು ಆಡಿದೆ. ಆದರೆ ನಿನ್ನ ಯಂತ್ರಗಳನ್ನು ನನ್ನ ಮೇಜಿಗೆ ತರಲಾರೆ. ನಿನ್ನದನ್ನು ನೀನೇ ಆಡಿಸು. ಇದೊಂದು ಸಲಕ್ಕೆ ನನ್ನ ಅಪ್ಪಣೆ.

ಫೆಬ್ರವರಿ ಹನ್ನೆರಡರೊಳಗೆ ಮೂವತ್ತು ಹಾಳೆ ನನ್ನ ಕೈಯಲ್ಲಿರಬೇಕು. ಇಪ್ಪತ್ತೆಂಟಕ್ಕೆ ಅಚ್ಚು. ಫೋನ್ ಮಾಡಬೇಡ. ಫೋನಿನಲ್ಲಿ ಒಪ್ಪಿದ ನಿಯಮ ಸಂಜೆಯ ಹೊತ್ತಿಗೆ ಬೇರೆಯಾಗಿರುತ್ತದೆ.

ನಾದಿನಿಯಿಂದ, ೧೩ ಜನವರಿ

ಅತ್ತಿಗೆಯವರಿಗೆ ನಮಸ್ಕಾರಗಳು.

ಮೊದಲ ಕುರ್ಚಿಯ ಪತ್ರವನ್ನು ಎದ್ದು ನಿಂತು ಓದಿದೆ. ಎರಡನೆಯ ಪುಟಕ್ಕೆ ಮಂಡಿ ಕೈಕೊಟ್ಟಿತು, ಕೂತೆ.

ಅಧ್ಯಾಯದ ಮುಕ್ಕಾಲು ಭಾಗ ಬರೆದಾಯಿತು. ನಾನು ಲಿಫ್ಟಿನಿಂದ ಕಲಿತದ್ದು ಇಷ್ಟೇ: ಗುಂಡಿ ಒತ್ತಿದವನು ಒಳ್ಳೆಯವನೋ ಕೆಟ್ಟವನೋ ಎಂದು ಅದು ಕೇಳುವುದಿಲ್ಲ. ಮೂರು ಎಂದರೆ ಮೂರನೇ ಮಹಡಿ. ಹಾಗಾಗಿ ಯಂತ್ರ ಯಾರ ಕೈಯಲ್ಲೂ ನಡೆಯುತ್ತದೆ, ಪ್ರತಿ ಸಲವೂ ನಡೆಯುತ್ತದೆ ಎಂದು ಬರೆದಿದ್ದೇನೆ. ದಾಳ ಬೇಕಾಗುವುದು ಎಷ್ಟು ದೂರ, ಎಷ್ಟು ಹೊತ್ತು ಎಂಬುದಕ್ಕೆ ಮಾತ್ರ.

ನನ್ನ ಮೇಜಿನವರು ನಿಮಗೆ ಗೊತ್ತೇ ಇದ್ದಾರೆ. ಎದುರು ಮನೆಯ ಲೈಬ್ರರಿ ಮೇಡಂ, ಬಸ್ಸಿನ ಡ್ರೈವರ್, ಕನ್ನಡಕದ ಅಂಗಡಿಯವರು. ಹನ್ನೊಂದು ವರ್ಷದಿಂದ ಮೇಡಂ ಮಂತ್ರವಾದಿಯ ಪಾತ್ರ ಬಿಟ್ಟು ಬೇರೆ ಹಿಡಿದಿಲ್ಲ. ಸಂಜೆ ಆರಕ್ಕೆ ಸರಿಯಾಗಿ ಬಾಗಿಲು ತಟ್ಟುತ್ತಾರೆ, ಕನ್ನಡಕದ ಡಬ್ಬಿಯಲ್ಲಿ ತಮ್ಮ ದಾಳ ಹಿಡಿದು. ನಿನ್ನೆ ಯಂತ್ರದ ಅಧ್ಯಾಯದ ಸುದ್ದಿ ಹೇಳಿದೆ.

“ಬರಲಿ ಲಿಫ್ಟಮ್ಮ, ಬರಲಿ,” ಎಂದರು. “ನನ್ನ ಒಂದು ಉಸಿರಿಗೆ ನಿಮ್ಮ ಯಂತ್ರದ ಹಲ್ಲೆಲ್ಲ ಉದುರಬೇಕು.”

“ಚಕ್ರದ ಹಲ್ಲು ತಾನೇ ಮೇಡಂ?”

“ನಿಮ್ಮದನ್ನೂ ಸೇರಿಸ್ಕೊಳ್ಳಿ.”

ಡ್ರೈವರ್ ನಕ್ಕು ಟೀ ಚೆಲ್ಲಿಕೊಂಡರು.

ಈಗ ಕೆಲಸದ ಮಾತು. ನನಗೆ ಒಂದು ಅನುಮಾನ ಕೊರೆಯುತ್ತಿದೆ. ಮಂತ್ರಕ್ಕೆ ಉಸಿರು ಖರ್ಚು, ಯಂತ್ರಕ್ಕೆ ಏನೂ ಖರ್ಚಿಲ್ಲ. ಪಕ್ಕಪಕ್ಕದಲ್ಲಿಟ್ಟರೆ ಯಾರಾದರೂ ಯಾಕೆ ಮಂತ್ರ ಹಾಕುತ್ತಾರೆ? ಮಂತ್ರದ ಅಧ್ಯಾಯದಲ್ಲಿ ನೀವು ಒಂದೇ ಒಂದು ಸಾಲು ಸಡಿಲಿಸಿದರೆ ಎರಡನ್ನೂ ಹೊಲಿಯಬಹುದು. ಎರಡನೆಯದು, ಬರೆದವಳೇ ಆಡಿಸುವುದು ನನಗೆ ಸರಿ ಕಾಣುತ್ತಿಲ್ಲ. ಲಿಫ್ಟ್ ರಿಪೇರಿ ಮಾಡಿದವರೇ ಅದಕ್ಕೆ ಪಾಸ್ ಚೀಟಿ ಬರೆಯಬಾರದು ಎಂದು ನಮ್ಮ ಕೆಲಸದಲ್ಲೂ ಇತ್ತು. ನಿಮ್ಮ ಮೇಜಿನಲ್ಲಿ ಹತ್ತು ಆಟವಾದರೂ ಆಡಿ, ಅತ್ತಿಗೆ.

ಅತ್ತಿಗೆಯಿಂದ, ೧೯ ಜನವರಿ

ಚಿಮಟಾ,

ನಿನ್ನ ಪತ್ರದಲ್ಲಿ ಎರಡು ಬೇಡಿಕೆಗಳಿದ್ದವು. ಎರಡಕ್ಕೂ ಇಲ್ಲ.

ನಿನ್ನ ಯಂತ್ರ ಬಲವಾದರೆ ಅದನ್ನು ಕುಗ್ಗಿಸುವುದು ನಿನ್ನ ಕೆಲಸ. ನನ್ನ ಮಂತ್ರವನ್ನು ಸಡಿಲಿಸು ಎನ್ನುವುದು, ಪಕ್ಕದ ಮನೆಯ ಗೋಡೆ ಒಡೆದು ನಮ್ಮ ಮನೆಗೆ ಕಿಟಕಿ ಇಡಿ ಎಂದ ಹಾಗೆ. ದೊಡ್ಡಣ್ಣನ ಆಟಕ್ಕೆ ನಿನ್ನ ಹೆಸರೂ ಸೇರಲಿ ಎಂಬ ಆಸೆ ನಿನಗಿದೆ, ನನಗೆ ಅರ್ಥವಾಗುತ್ತದೆ. ಆದರೆ ಅದು ಮಂತ್ರದ ಅಧ್ಯಾಯದ ಮೂಲಕ ಆಗಬೇಕಾಗಿಲ್ಲ.

ನನ್ನ ಮೇಜಿನ ಮೇಲೆ ಗಿರಗಿರ ತಿರುಗುವ ಸಾಮಾನು ಬರುವುದಿಲ್ಲ. ಒಮ್ಮೆ ಹೇಳಿದೆ. ಇನ್ನೊಮ್ಮೆ ಕೇಳಬೇಡ.

ನಿನ್ನ ಮೇಡಂ ಹೇಳಿದ ಮಾತು ಹಿಡಿಸಿತು. ಮಂತ್ರದ ಮರ್ಯಾದೆ ಗೊತ್ತಿರುವವರು. ಅವರ ಆಟದ ವಿವರ ಬರೆ.

ನಾದಿನಿಯಿಂದ, ೩೧ ಜನವರಿ

ಅತ್ತಿಗೆಯವರಿಗೆ,

ಹದಿನಾಲ್ಕು ಆಟ ಮುಗಿದಿವೆ. ಎಲ್ಲ ಚೆನ್ನಾಗಿ ನಡೆಯುತ್ತಿದೆ. ಹಾರುವ ರಥಕ್ಕೆ ಒಂದು ಮಿತಿ ಹಾಕಿದ್ದೇನೆ, ಒಂದೇ ಸಲಕ್ಕೆ ಎರಡು ಕೋಟೆ ದಾಟುವ ಹಾಗಿಲ್ಲ. ಕಬ್ಬಿಣದ ಕಾವಲುಗಾರನ ಪಟ್ಟಿಯನ್ನು ತಿದ್ದಿ ಇದರ ಜೊತೆ ಕಳಿಸಿದ್ದೇನೆ.

ನಮ್ಮ ಕಟ್ಟಡದ ಲಿಫ್ಟ್ ವಾರದಿಂದ ಕೆಟ್ಟಿದೆ. ಕಂಪನಿಯಿಂದ ಬಂದವರು ನನ್ನನ್ನು ನೋಡಿ, “ಅಜ್ಜಿ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಗ್ರೀಸ್ ತಾಗುತ್ತೆ,” ಎಂದರು. ನಿಂತೆ. ಅವರು ತಪ್ಪು ಬೋಲ್ಟ್ ಬಿಚ್ಚುವುದನ್ನು ನೋಡುತ್ತಾ ನಿಂತೆ.

ಹಾಳೆಗಳು ಹೇಳಿದ ದಿನಕ್ಕೆ ಬರುತ್ತವೆ.

ಅತ್ತಿಗೆಯಿಂದ, ೫ ಫೆಬ್ರವರಿ

ಚಿಮಟಾ,

ಕಾವಲುಗಾರನ ಪಟ್ಟಿ ನೋಡಿದೆ. ಬರವಣಿಗೆ ಶುದ್ಧವಾಗಿದೆ. ನಾನು ಹೊಗಳುವುದು ಅಪರೂಪ, ಇಟ್ಟುಕೋ. ಮಂತ್ರದ ಭಾಗ ಅಚ್ಚಾಗತೊಡಗಿದೆ. ಇನ್ನೂರ ಹತ್ತು ಅಂಗಡಿಗಳಿಗೆ ಮಾರ್ಚ್ ಮೊದಲ ವಾರವೆಂದು ಮಾತು ಕೊಟ್ಟಾಗಿದೆ.

ಒಂದು ವಿಷಯ. ಜನವರಿಯ ಪತ್ರದಲ್ಲಿ ಅರ್ಧ ಪುಟ ನಿನ್ನ ಮೇಡಂ ಇದ್ದರು. ಈ ಸಲ ಅವರ ಸುದ್ದಿಯೇ ಇಲ್ಲ. ನಾನು ಕೇಳಿದ್ದು ಅದನ್ನೇ. ಯಾಕೆ ಬರೆದಿಲ್ಲವೆಂದು ಊಹಿಸಬಲ್ಲೆ. ಅವರು ಮಂತ್ರದಲ್ಲೇ ನಿನ್ನ ಯಂತ್ರಗಳನ್ನು ಸೋಲಿಸುತ್ತಿದ್ದಾರೆ, ಅದನ್ನು ಅತ್ತಿಗೆಗೆ ತಿಳಿಸಲು ನಿನಗೆ ಬಾಯಿ ಬರುತ್ತಿಲ್ಲ. ಸೊಸೆಗೆ ಹೇಳಿದೆ, “ನೋಡು, ನಾದಿನಿ ಸೋತಾಗ ಕಟ್ಟಡದ ಲಿಫ್ಟಿನ ಕಥೆ ಹೇಳ್ತಾಳೆ.” ಅವಳೂ ನಕ್ಕಳು.

ಸೋಲನ್ನೂ ಬರೆ. ಹಾಳೆಯಲ್ಲಿ ಹೇಗೂ ಗೊತ್ತಾಗುತ್ತದೆ.

ನಾದಿನಿಯಿಂದ, ೧೦ ಫೆಬ್ರವರಿ

ಅತ್ತಿಗೆಯವರಿಗೆ,

ಮೂವತ್ತು ಹಾಳೆ ಇದರೊಳಗಿವೆ. ನಾಲ್ವರ ಸಹಿಯೂ ಇದೆ. ದಯವಿಟ್ಟು ತಲುಪಿದ್ದಕ್ಕೆ ಒಂದು ಸಾಲು ಬರೆಯಿರಿ.

ಅತ್ತಿಗೆಯಿಂದ, ೧೫ ಫೆಬ್ರವರಿ

ಹಾಳೆಗಳು ತಲುಪಿದವು. ನೀನು ಕೇಳಿದ ಒಂದು ಸಾಲು ಅದು. ಇನ್ನು ನನ್ನ ಸಾಲುಗಳು.

ಮೂವತ್ತನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಒಂದೊಂದು ಹಾಳೆಯಲ್ಲಿ ಅರವತ್ತರಷ್ಟು ದಾಳ. ಅರವತ್ತು ಸಲ ದಾಳ ಹಾಕಿದರೆ ಒಂದೇ ಸಂಖ್ಯೆ ಬೆನ್ನು ಬೆನ್ನಿಗೆ ಮೂರು ಸಲ ಬೀಳುವುದು ನಾಲ್ಕು ಹಾಳೆಯಲ್ಲಿ ಮೂರರಲ್ಲಾದರೂ ಒಂದೆರಡು ಕಡೆ ಇರುತ್ತದೆ. ಇಪ್ಪತ್ತಾರು ವರ್ಷದಿಂದ ಈ ಹಾಳೆಗಳನ್ನು ಓದುತ್ತಿದ್ದೇನೆ, ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಿನ್ನ ಮೊದಲ ನಾಲ್ಕು ಹಾಳೆಯಲ್ಲಿ ಆರು ಕಡೆ ಇದೆ. ಐದನೆಯದರಿಂದ ಮೂವತ್ತನೆಯದರವರೆಗೆ ಒಂದೇ ಒಂದು ಕಡೆಯೂ ಇಲ್ಲ.

ನನ್ನ ಕಣ್ಣೇ ತಪ್ಪಿರಬಹುದೆಂದು ಸೊಸೆಯ ಕೈಗೆ ದಾಳ ಕೊಟ್ಟೆ. ಅರವತ್ತು ಸಲ ಹಾಕಿಸಿದೆ. ಎರಡು ಎರಡು ಎರಡು ಬಿತ್ತು, ಆಮೇಲೆ ಐದು ಐದು ಐದು. “ಸಾಕಾ ಅತ್ತೆ?” ಎಂದಳು. ಇನ್ನೂ ಅರವತ್ತು ಹಾಕು ಎಂದೆ. ಮತ್ತೆ ಬಿತ್ತು.

ದಾಳಕ್ಕೆ ನೆನಪಿಲ್ಲ. ಈಗ ತಾನೇ ಎರಡು ಬಿದ್ದಿದೆ, ಮತ್ತೆ ಬಿದ್ದರೆ ನೋಡುವವರು ಏನಂದುಕೊಂಡಾರು ಎಂಬ ನಾಚಿಕೆಯೂ ಇಲ್ಲ. ಆ ನಾಚಿಕೆ ಮನುಷ್ಯರದು. ಈ ಇಪ್ಪತ್ತಾರು ಹಾಳೆಗಳನ್ನು ಬರೆದದ್ದು ದಾಳವಲ್ಲ, ನೀನು.

ಲಿಫ್ಟಿನ ಹಗ್ಗ ಪರೀಕ್ಷಿಸದೆ ಪಾಸ್ ಚೀಟಿ ಬರೆಯುತ್ತಿದ್ದೆಯಾ? ಮೂವತ್ತೊಂದು ವರ್ಷ ಹೀಗೇ ನಡೆಯಿತಾ? ಅಥವಾ ನಮ್ಮ ಆಟಕ್ಕೆ ಮಾತ್ರ ಈ ಬೆಲೆಯೋ? ನಿನ್ನ ಹೆಸರು ಪುಸ್ತಕದಲ್ಲಿ ಬಂದರೆ ಸಾಕು, ಕೂತು ಆಡುವ ಕಷ್ಟ ಯಾರಿಗೆ ಬೇಕು ಎಂದುಕೊಂಡೆಯಾ?

ನಿನ್ನ ಸಣ್ಣಣ್ಣ ಆಡದ ಆಟಕ್ಕೆ ಹಾಳೆ ಬರೆದಾಗ ದೊಡ್ಡಣ್ಣ ಏನು ಮಾಡಿದರು, ನೆನಪಿದೆಯಲ್ಲ? ಹೆಸರು ಹಾಕಿ ಎಲ್ಲ ಅಂಗಡಿಗಳಿಗೂ ಪತ್ರ ಬರೆದರು. ಸ್ವಂತ ತಮ್ಮ. ಆಮೇಲೆ ಯಾವ ಮೇಜಿನಲ್ಲೂ ಅವನಿಗೆ ಕುರ್ಚಿ ಸಿಗಲಿಲ್ಲ. ತಮ್ಮನಿಗೆ ಆದದ್ದು ತಂಗಿಗೆ ಆಗದಿರಲು ಕಾರಣ ಬೇಕು. ಇಪ್ಪತ್ತೆರಡರೊಳಗೆ ಬರೆದು ಕಳಿಸು. ಸಹಿಗಳನ್ನು ಹೇಗೆ ಮಾಡಿದೆ ಎಂಬುದನ್ನೂ ಬರೆ.

ನಾದಿನಿಯಿಂದ, ೧೯ ಫೆಬ್ರವರಿ

ಅತ್ತಿಗೆ,

ಹೌದು. ಐದರಿಂದ ಮೂವತ್ತು ನಾನು ಬರೆದದ್ದು. ಸಹಿಗಳು ಅವರವರದೇ. ದಿನಾ ದಿನಾ ಯಾಕೆಂದು ಮೊದಲ ಸಂಜೆಯೇ ಮೂವತ್ತು ಖಾಲಿ ಹಾಳೆಗಳಿಗೂ ಹಾಕಿಸಿಕೊಂಡಿದ್ದೆ. ಆಗ ಕೆಟ್ಟ ಯೋಚನೆ ಇರಲಿಲ್ಲ. ಮೇಜಿನಲ್ಲಿ ನಾಲ್ವರು ಇದ್ದೇ ಇರುತ್ತಾರೆ ಎಂದುಕೊಂಡಿದ್ದೆ.

ಲಿಫ್ಟಿನ ವಿಷಯಕ್ಕೆ ಮಾತ್ರ ನೀವು ಹಾಗೆ ಬರೆಯಬಾರದಿತ್ತು. ನಾನು ನೋಡದ ಹಗ್ಗಕ್ಕೆ ಒಂದು ದಿನವೂ ಸಹಿ ಹಾಕಿದವಳಲ್ಲ.

ಏನಾಯಿತೆಂದು ಬರೆಯುತ್ತೇನೆ. ಐದನೆಯ ಆಟ. ಮೇಡಂ ಎಂದಿನಂತೆ ಮಂತ್ರವಾದಿ. ಡ್ರೈವರ್ ಬಳಿ ಯಂತ್ರದ ದೀಪ, ಕನ್ನಡಕದವರ ಬಳಿ ರಥ ಮತ್ತು ಗೋಡೆಯಾಚೆಯ ಕನ್ನಡಿ. ನಾನು ಕಥೆ ನಡೆಸುತ್ತಿದ್ದೆ. ಕತ್ತಲೆಯ ಸುರಂಗ ಬಂತು, ಡ್ರೈವರ್ ದೀಪ ಹಚ್ಚಿದರು. ಕಂದಕ ಬಂತು, ರಥ ಹಾರಿತು. ಬಾಗಿಲ ಹಿಂದೆ ಯಾರಿದ್ದಾರೆಂದು ಕನ್ನಡಿ ಹೇಳಿತು. ಒಂದೂವರೆ ಗಂಟೆ. ಮೇಡಂ ತಮ್ಮ ಸರದಿ ಬಂದಾಗಲೆಲ್ಲ “ಮುಂದೆ” ಎನ್ನುತ್ತಿದ್ದರು. ಅವರ ಹತ್ತು ಉಸಿರೂ ಹಾಗೇ ಇದ್ದವು. ಹಿಂದಿನ ನಾಲ್ಕು ಆಟಗಳಲ್ಲೂ ಹೀಗೇ ಆಗಿತ್ತು, ನಾನು ನೋಡಿಯೂ ನೋಡದ ಹಾಗಿದ್ದೆ.

ಆಮೇಲೆ ಮೇಡಂ ದಾಳವನ್ನು ಡಬ್ಬಿಗೆ ಹಾಕಿದರು. “ಲಿಫ್ಟಮ್ಮ, ನಾನಿಲ್ಲಿ ಯಾಕೆ ಕೂತಿದೀನಿ ಹೇಳಿ? ಟೀ ಮಾಡೋಕಾ?”

“ಆಡಿ ಮೇಡಂ, ಯಾರು ಬೇಡ ಅಂದ್ರು?” ಎಂದೆ.

“ಲೈಬ್ರರಿಗೆ ಆ ಪುಸ್ತಕ ಕೊಡೋ ಯಂತ್ರ ಬಂತಲ್ಲ, ಆಗ್ಲೂ ಹಿಂಗೇ ಅಂದ್ರು. ‘ಕೂತಿರಿ ಮೇಡಂ, ಯಾರು ಬೇಡ ಅಂದ್ರು?’ ಎರಡು ವರ್ಷ ಕೂತಿದ್ದೆ. ಬಂದವರು ನನ್ನ ದಾಟ್ಕೊಂಡು ಯಂತ್ರದ ಹತ್ರ ಹೋಗೋರು. ಕೊನೇ ದಿನ ಕುರ್ಚೀನೂ ತೆಗೆದ್ರು. ಇಲ್ಲಾದ್ರೂ ನನ್ನ ಮಾತಿಗೆ ಏನೋ ಆಗುತ್ತೆ ಅಂತ ಬರ್ತಿದ್ದೆ.”

ನಾನು ಸುಮ್ಮನಿರಬೇಕಿತ್ತು. ಅಧ್ಯಾಯ ಕೆಟ್ಟಿದೆ ಎಂದು ಅವರು ಹೇಳಿದ ಹಾಗೆ ಕೇಳಿಸಿತು ನನಗೆ. ಎಲ್ಲರ ಮುಂದೆ ಅಂದುಬಿಟ್ಟೆ: “ನಿಮ್ಮ ಮಂತ್ರಕ್ಕೂ ನಿಮ್ಮ ಹಾಗೇ ವಯಸ್ಸಾಯ್ತು ಮೇಡಂ, ನಾನೇನ್ ಮಾಡ್ಲಿ?”

ಅವರು ಲೋಟ ತೊಳೆದಿಟ್ಟು ಹೋದರು. ಡ್ರೈವರ್ ಎರಡು ದಿನ ಬಂದು, ಮೂವರಲ್ಲಿ ಏನು ಆಡುವುದೆಂದು ಬಿಟ್ಟರು. ಕನ್ನಡಕದವರು ಅಂಗಡಿಯಲ್ಲಿ ಸಿಕ್ಕರೂ ಚೌಕಟ್ಟು ಒರೆಸುತ್ತಾ ಮಾತಾಡುತ್ತಾರೆ. ಮೇಡಂ ಬಾಗಿಲು ಇಲ್ಲಿಂದ ಏಳು ಹೆಜ್ಜೆ. ಇಪ್ಪತ್ತೆಂಟು ದಿನದಿಂದ ತೆರೆದದ್ದು ನಾನು ನೋಡಿಲ್ಲ.

ನಿಮಗೆ ಬರೆದರೆ ಏನನ್ನುತ್ತೀರಿ ಎಂದು ಗೊತ್ತಿತ್ತು. ‘ಯಂತ್ರ ಕುಗ್ಗಿಸು.’ ಒಬ್ಬಳೇ ಕೂತು ಎಲ್ಲರ ಪಾತ್ರವನ್ನೂ ಆಡುತ್ತಾ ಆರು ರೀತಿ ಕುಗ್ಗಿಸಿ ನೋಡಿದೆ. ಸ್ವಲ್ಪ ಕುಗ್ಗಿಸಿದರೆ ಮಂತ್ರದವರು ಸುಮ್ಮನೆ ಕೂರುತ್ತಾರೆ, ಜಾಸ್ತಿ ಕುಗ್ಗಿಸಿದರೆ ಯಂತ್ರದವರು. ಎರಡು ಅಧ್ಯಾಯಗಳೂ ಒಂದನ್ನೊಂದು ನೋಡುವುದೇ ಇಲ್ಲ, ಅತ್ತಿಗೆ. ಹೊಲಿಯಲು ನಿಮ್ಮ ಕಡೆಯ ಬಟ್ಟೆ ಎರಡು ಬೆರಳು ಬೇಕಿತ್ತು. ನೀವು ಕೊಡಲಿಲ್ಲ.

ಇನ್ನೊಂದು ಮಾತು ಹೇಳಿಯೇ ಬಿಡುತ್ತೇನೆ. ಬರೆದವಳೇ ಆಡಿಸು ಎಂದವರು ಯಾರು? ನಿಮ್ಮ ಮೇಜಿಗೆ ಬಂದಿದ್ದರೆ ಮೊದಲ ಆಟಕ್ಕೇ ಇದು ಸಿಕ್ಕಿಬೀಳುತ್ತಿತ್ತು. ನನ್ನ ಸುಳ್ಳು ಇಪ್ಪತ್ತಾರು ಹಾಳೆ. ಮನೆಯ ಕಟ್ಟಳೆ ಮುರಿದದ್ದು ಅದಕ್ಕೂ ಮೊದಲೇ, ನಾಲ್ಕನೇ ಜನವರಿಯಂದು. ಆ ಪತ್ರ ನನ್ನ ಬಳಿ ಇದೆ.

ನಾದಿನಿಯಿಂದ, ೨೬ ಫೆಬ್ರವರಿ

ಅತ್ತಿಗೆಯವರಿಗೆ,

ವಾರವಾಯಿತು. ಉತ್ತರವಿಲ್ಲ. ಬೇಡವೆಂದಿದ್ದರೂ ಎರಡು ಸಲ ಫೋನ್ ಮಾಡಿದೆ. ನಿಮ್ಮ ಸೊಸೆ ಎತ್ತಿ, “ಅತ್ತೆ ಕೆಲಸದಲ್ಲಿದ್ದಾರೆ, ಚಿಕ್ಕತ್ತೆ,” ಎಂದು ಇಟ್ಟಳು. ಅವಳ ಧ್ವನಿ ಸರಿಯಿರಲಿಲ್ಲ. ಅವಳ ಹಿಂದಿನಿಂದ ನಿಮ್ಮ ಧ್ವನಿ, ಯಾರ ಹೆಸರನ್ನೋ ಜೋರಾಗಿ ಹೇಳಿ ಬರೆಸುತ್ತಿರುವ ಹಾಗಿತ್ತು.

ಕೊನೆಯ ಪತ್ರದಲ್ಲಿ ಉದ್ಧಟತನ ಮಾಡಿದ್ದರೆ ಕ್ಷಮಿಸಿ. ನಾಡಿದ್ದು ಅಚ್ಚು. ನನ್ನದೊಂದೇ ಕೋರಿಕೆ. ಯಂತ್ರದ ಅಧ್ಯಾಯ ಕಿತ್ತು ಹಾಕಿ, ಮಂತ್ರದ ಭಾಗವಷ್ಟೇ ಮುದ್ರೆಯ ಸಮೇತ ಹೋಗಲಿ. ನನ್ನ ಹೆಸರು ಎಲ್ಲೂ ಬೇಡ. ನಾನಿನ್ನು ಒಂದು ನಿಯಮವನ್ನೂ ಬರೆಯುವುದಿಲ್ಲ.

ಆದರೆ ಅಂಗಡಿಗಳಿಗೆ ಪತ್ರ ಹಾಕಬೇಡಿ. ಸಣ್ಣಣ್ಣನ ಕೊನೆಯ ವರ್ಷಗಳನ್ನು ನೀವು ನೋಡಿಲ್ಲ, ನಾನು ನೋಡಿದ್ದೇನೆ. ಅಂಗಡಿಯ ಹೊರಗೆ ನಿಂತು ಗಾಜಿನೊಳಗೆ ಬೇರೆಯವರು ಆಡುವುದನ್ನು ನೋಡುತ್ತಿದ್ದ. ಒಳಗೆ ಬಾ ಎಂದವರಿಲ್ಲ. ನನಗಿರುವುದು ಆ ಒಂದು ಮೇಜು. ಈಗ ಅದೂ ಖಾಲಿ. ಆದರೂ ಎಂದಾದರೂ ನಾಲ್ವರು ಕೂತೇವು ಎಂದುಕೊಂಡಿದ್ದೇನೆ. ನನ್ನ ಹೆಸರಿನ ಪತ್ರ ಒಮ್ಮೆ ಹೋದರೆ ಅದೂ ಮುಗಿಯಿತು.

ಅತ್ತಿಗೆಯಿಂದ, ೭ ಮಾರ್ಚ್

ಚಿಮಟಾ,

ಹದಿನೈದು ದಿನ ನಾನು ಬರೆಯದಿದ್ದದ್ದು ಮೊದಲು ಕೋಪದಿಂದ, ಆಮೇಲೆ ಪುರುಸೊತ್ತಿಲ್ಲದೆ. ಕ್ರಮವಾಗಿ ಹೇಳುತ್ತೇನೆ.

ನಿನ್ನ ಹತ್ತೊಂಬತ್ತರ ಪತ್ರದ ಕೊನೆಯ ಸಾಲುಗಳನ್ನು ಓದಿ ಕಾಗದವನ್ನು ಮೇಜಿಗೆ ಬಡಿದೆ. ಈ ಮನೆಯಲ್ಲಿ ನನಗೆ ತಾರೀಖು ತೋರಿಸಿ ಮಾತಾಡಿದವರು ಯಾರೂ ಇರಲಿಲ್ಲ. ಅವತ್ತೇ ಅಂಗಡಿಗಳಿಗೆ ಪತ್ರ ಬರೆದೆ. ನಿನ್ನ ಪೂರ್ಣ ಹೆಸರು ಹಾಕಿ, ಇಪ್ಪತ್ತಾರು ಹಾಳೆಗಳ ವಿವರ ಹಾಕಿ. ಸೊಸೆಗೆ ಓದಿ ಹೇಳಿದೆ, ಇನ್ನೂರ ಹತ್ತು ಪ್ರತಿ ತೆಗೆ ಎಂದೆ. ಅವಳು ಕಾಗದ ಮುಟ್ಟಲಿಲ್ಲ.

“ಅತ್ತೆ, ಒಂದಾಟ ಆಡಿ ನೋಡೋಣ.”

“ಯಾವುದನ್ನ?”

“ಚಿಕ್ಕತ್ತೆಯ ಅಧ್ಯಾಯ. ಅವರು ಆಡದೆ ಬರೆದ್ರು ಅಂತ ಶಿಕ್ಷೆ ಕೊಡ್ತಿದೀರಿ. ನೀವು ಆಡದೆ ಹೇಗೆ ತೀರ್ಪು ಬರೀತೀರಿ?”

ನಿನ್ನ ದೊಡ್ಡಣ್ಣ ಇದ್ದಿದ್ದರೆ ಅವಳ ಬಾಯಿ ಮುಚ್ಚಿಸುತ್ತಿದ್ದರು. ನನಗೂ ಹಾಗೇ ಅನ್ನಿಸಿತು. ಆದರೆ ಅವಳ ಮಾತಿನಲ್ಲಿ ಹಿಡಿದು ಎಳೆಯಲು ಒಂದು ದಾರವೂ ಸಿಗಲಿಲ್ಲ. ಮಗನನ್ನೂ ಬೈಂಡಿಂಗ್ ಮೇಸ್ತ್ರಿಯನ್ನೂ ಕರೆದು ಕೂರಿಸಿದೆ. ಸೊಸೆ ಕಥೆ ನಡೆಸಿದಳು. ನಾನು ಮಂತ್ರವಾದಿ.

ಸುರಂಗದಲ್ಲಿ ಕತ್ತಲೆಯಿತ್ತು. ನಾನು ಒಂದು ಉಸಿರು ಕೊಟ್ಟು ಬೆಳಕಿನ ಮಂತ್ರ ಹಾಕಿದೆ. ಮೇಸ್ತ್ರಿ ತಲೆ ಕೆರೆದುಕೊಂಡ. “ಅಮ್ಮಾವ್ರೇ, ಸುಮ್ನೆ ಯಾಕೆ ಉಸಿರು ಕಳೀತೀರಿ? ನನ್ನ ಹತ್ರ ದೀಪ ಇದೆಯಲ್ಲ.” ಆಮೇಲೆ ನಾನು ಏನೂ ಮಾಡಲಿಲ್ಲ. ಮಾಡಲು ಏನೂ ಇರಲಿಲ್ಲ. ಹನ್ನೊಂದು ಸಲ ಸರದಿ ಬಂತು, ಹನ್ನೊಂದು ಸಲ “ಮುಂದೆ” ಎಂದೆ. ನನಗೆ ಕೈ ಕಟ್ಟಿ ಕೂತು ಅಭ್ಯಾಸವಿಲ್ಲ. ನನ್ನದೇ ಮನೆ, ನನ್ನದೇ ಮೇಜು, ಮೂವರು ನನ್ನ ತಲೆಯ ಮೇಲಿಂದ ಮಾತಾಡಿಕೊಳ್ಳುತ್ತಿದ್ದರು. ಮಗ ಕೊನೆಗೆ, “ಅಮ್ಮ, ಬೇಜಾರಾದ್ರೆ ಒಳಗೆ ಹೋಗಿ ಮಲಗಿ,” ಎಂದ. ಪ್ರೀತಿಯಿಂದಲೇ ಅಂದ. ಅದೇ ತಡೆಯಲಾಗಲಿಲ್ಲ.

ನಿನ್ನ ಮೇಡಂ ಐದು ಆಟ ತಡೆದರು. ನಾನು ಎರಡನೆಯದರ ನಡುವೆ ದಾಳ ಎಸೆದೆ. ಅಲಮಾರಿಯ ಕೆಳಗೆ ಹೋಯಿತು.

ಮರುದಿನದಿಂದ ಎಂಟು ದಿನ ಆಡಿದೆವು. ನೀನು ಫೋನ್ ಮಾಡಿದಾಗ ನಾನು ಜೋರಾಗಿ ಬರೆಸುತ್ತಿದ್ದದ್ದು ಪಾತ್ರಗಳ ಹೆಸರುಗಳನ್ನು. ಆರನೆಯ ದಿನ ಸೊಸೆ ಒಂದು ದಾರಿ ಹೇಳಿದಳು, ನಾನು ಅದನ್ನು ತಿದ್ದಿದೆ. ಮೇಜಿನ ನಡುವೆ ಹನ್ನೆರಡು ಕೆಂಡ. ಅದು ಎಲ್ಲರದು. ಯಾವ ಯಂತ್ರ ನಡೆಸಿದರೂ ನಡುವಿನಿಂದ ಒಂದು ಕೆಂಡ ಆರುತ್ತದೆ. ನೀನು ಹೇಳಿದ ಹಾಗೆ ಯಂತ್ರ ಪ್ರತಿ ಸಲವೂ ನಡೆಯುತ್ತದೆ, ಯಾರ ಕೈಯಲ್ಲೂ ನಡೆಯುತ್ತದೆ. ಆದರೆ ಒಬ್ಬನ ರಥಕ್ಕೆ ನಾಲ್ವರ ಕೆಂಡ ಹೋಗುತ್ತದೆ. ಹನ್ನೆರಡೂ ಆರಿದ ಮೇಲೆ ಯಂತ್ರ ನಡೆಯಬೇಕಾದರೆ ಮಂತ್ರವಾದಿ ತನ್ನ ಉಸಿರನ್ನು ಅದರೊಳಗೆ ತುಂಬಬೇಕು. ಉಸಿರು ತುಂಬಿದ ಯಂತ್ರ, ಯಂತ್ರವೂ ಮಾಡಲಾಗದ ಮಂತ್ರವೂ ಮಾಡಲಾಗದ ಒಂದು ಕೆಲಸ ಮಾಡುತ್ತದೆ. ಅದು ಮುರಿಯದೆ ವಾಪಸು ಬಂದರೆ ಉಸಿರೂ ವಾಪಸು.

ಎಂಟನೆಯ ದಿನ ಮೇಸ್ತ್ರಿ ಕಂದಕದ ನಡುವೆ ಸಿಕ್ಕಿಬಿದ್ದ. ಕೆಂಡ ಇಲ್ಲ, ರಥ ಬೀಳುತ್ತಿದೆ. ನನ್ನ ಬಳಿ ಉಳಿದದ್ದು ಒಂದೇ ಉಸಿರು. “ಅಮ್ಮಾವ್ರೇ, ನಮ್ಮ ಕೈ ಬಿಡಬೇಡಿ,” ಎಂದ, ನಿಜವಾಗಿಯೂ ಬೀಳುತ್ತಿರುವವನ ಹಾಗೆ. ಕೊಡಬೇಕೋ ಬೇಡವೋ ಎಂದು ನಾನು ಹತ್ತು ನಿಮಿಷ ಯೋಚಿಸಿದೆ. ಕೊಟ್ಟೆ. ದಾಳದಲ್ಲಿ ಒಂದೇ ಬಿತ್ತು, ರಥ ಆಚೆ ದಡ ಮುಟ್ಟದೆ ಮುರಿಯಿತು. ಇಬ್ಬರೂ ಹೋದೆವು. ಅಷ್ಟು ಚೆನ್ನಾಗಿ ನಾನು ಸೋತು ಎಷ್ಟೋ ವರ್ಷವಾಗಿತ್ತು.

ಇದಕ್ಕಾಗಿ ಮಂತ್ರದ ಅಧ್ಯಾಯದಲ್ಲಿ ಒಂದಕ್ಷರವಲ್ಲ, ಎರಡು ಪುಟ ಬದಲಾಯಿಸಿದ್ದೇನೆ. ಅಚ್ಚಾಗಿದ್ದ ಹಾಳೆಗಳನ್ನು ಮೊನ್ನೆ ರದ್ದಿಗೆ ಹಾಕಿಸಿದೆ.

ಈಗ ನಿನ್ನ ವಿಷಯ. ನಿನ್ನ ಸುಳ್ಳು ಸುಳ್ಳೇ. ನನ್ನ ತಪ್ಪು ಅದನ್ನು ತೊಳೆಯುವುದಿಲ್ಲ. ಇನ್ನು ಮೇಲೆ ನಿನ್ನ ಮೇಜಿನ ಹಾಳೆಯನ್ನು ನೀನು ಬರೆಯುವ ಹಾಗಿಲ್ಲ. ನಿನ್ನ ಮೇಡಂ ಬರೆಯಬೇಕು, ಆಟ ಮುಗಿದ ಮೇಲೆ ಸಹಿಯಾಗಬೇಕು. ಕೆಂಡದ ನಿಯಮ ಈ ಮನೆಯಲ್ಲಿ ಹುಟ್ಟಿದ್ದು, ಹಾಗಾಗಿ ಅದನ್ನು ಹೊರಗಿನವರು ಆಡಿ ನೋಡಬೇಕು. ಆ ಹೊರ ಮೇಜು ನಿನ್ನದು. ಮೂವತ್ತು ಖಾಲಿ ಹಾಳೆ ಇದರೊಳಗಿವೆ. ನಾಲ್ವರು ಬೇಕು. ಮೇಡಂಗೆ ನಾನು ಕಾಗದ ಬರೆಯುವುದಿಲ್ಲ, ನಿನ್ನ ಪರವಾಗಿ ಯಾರ ಕೈಯಲ್ಲೂ ಹೇಳಿಸುವುದಿಲ್ಲ. ಏಳು ಹೆಜ್ಜೆ ನೀನೇ ನಡೆಯಬೇಕು. ಅವರು ತೆರೆಯದಿದ್ದರೆ ಮರುದಿನ ಮತ್ತೆ ನಡೆಯಬೇಕು. ಮುಂದೆ ಏನು ಮಾತಾಡುತ್ತೀಯೋ ಅದು ನಿನಗೆ ಬಿಟ್ಟದ್ದು, ನಿಯಮದ ಪುಸ್ತಕದಲ್ಲಿ ಅದಕ್ಕೆ ಪುಟವಿಲ್ಲ.

ಕೊನೆಯದಾಗಿ, ಅಂಗಡಿಗಳ ಪತ್ರ. ಹಾಕಬೇಡಿ ಎಂದು ಬೇಡಿಕೊಂಡಿದ್ದೀಯ. ಪುಸ್ತಕ ಹೇಳಿದ ವಾರಕ್ಕೆ ಬರಲಿಲ್ಲ, ಇನ್ನೂರ ಹತ್ತು ಅಂಗಡಿಗಳಿಗೆ ಕಾರಣ ಗೊತ್ತಾಗಬೇಕು. ಈ ಮನೆಯಲ್ಲಿ ಕಟ್ಟಳೆ ಮುರಿದವರ ಹೆಸರು ಹೇಳದೆ ಬಿಟ್ಟಿದ್ದಿಲ್ಲ, ನಾನೂ ಬಿಡುವುದಿಲ್ಲ. ಮೊದಲು ಬರೆದದ್ದನ್ನು ಹರಿದು ಹೊಸದಾಗಿ ಬರೆದೆ. ಅದು ಹೀಗಿದೆ:

‘ಆರನೆಯ ಆವೃತ್ತಿ ತಡವಾಗುತ್ತದೆ. ಯಂತ್ರದ ಅಧ್ಯಾಯವನ್ನು ಬೇರೆ ಮೇಜಿನಲ್ಲಿ ಆಡಿಸದೆ ಅಚ್ಚಿಗೆ ತರಲು ಅಪ್ಪಣೆ ಕೊಟ್ಟವಳು ಮೊದಲ ಕುರ್ಚಿಯವಳಾದ ನಾನು. ಯಂತ್ರದ ಮೇಲಿನ ತಾತ್ಸಾರದಿಂದ ಹಾಗೆ ಮಾಡಿದೆ. ತಪ್ಪು ನನ್ನದು. ಸರಿಪಡಿಸಿದ ನಿಯಮವನ್ನು ಈಗ ಹೊರ ಮೇಜೊಂದು ಆಡಿ ನೋಡುತ್ತಿದೆ. ಆ ಮೇಜು ಒಪ್ಪುವವರೆಗೆ ಪುಸ್ತಕ ಬರುವುದಿಲ್ಲ.’

ಕೆಳಗೆ ನನ್ನ ಪೂರ್ಣ ಹೆಸರಿದೆ. ಬೇರೆ ಯಾರ ಹೆಸರೂ ಇಲ್ಲ. ಮಗ, “ಅಮ್ಮ, ಇಷ್ಟೆಲ್ಲ ಬೇಕಾ? ‘ಕಾರಣಾಂತರಗಳಿಂದ’ ಅಂದ್ರೆ ಸಾಕು,” ಎಂದ. ಅವನನ್ನು ಹೊರಗೆ ಕಳಿಸಿ ಇನ್ನೂರ ಹತ್ತಕ್ಕೂ ನಾನೇ ಸಹಿ ಹಾಕಿದೆ. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಸೊಸೆಯ ಜೊತೆ ಅಂಚೆ ಕಚೇರಿಗೆ ಹೋಗಿ, ಒಂದೊಂದಾಗಿ ಪೆಟ್ಟಿಗೆಗೆ ಹಾಕಿ ಬಂದೆ.